ಕೇಳುಗನ ಧರ್ಮ

ಹಾಡುವವನಿಗೆ ಒಂದು ಧರ್ಮವುಂಟೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಶ್ರುತಿ ತಪ್ಪಬಾರದು, ಲಯ ಕೆಡಬಾರದು, ಗುರುವಿನಿಂದ ಪಡೆದುದನ್ನು ಅಗ್ಗದ ಚಪ್ಪಾಳೆಗೆ ಮಾರಿಕೊಳ್ಳಬಾರದು ಎಂದು ನಾವು ಗಾಯಕನಿಗೆ ವಿಧಿಸುವ ಕಟ್ಟಳೆಗಳು ಹಲವು. ಆದರೆ ಜಮಖಾನದ ಮೇಲೆ ಕುಳಿತು ಕೇಳುವವನಿಗೂ ಒಂದು ಧರ್ಮವುಂಟೆ? ಮೆಚ್ಚಿದಾಗ ತಲೆದೂಗಿ, ಬೇಸರವಾದಾಗ ಎದ್ದುಹೋದರೆ ಅವನ ಕರ್ತವ್ಯ ಮುಗಿಯಿತೆ? ಇದು ಕೇವಲ ಸಂಗೀತಕ್ಕೆ ಸಂಬಂಧಿಸಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿ ನೋಡಿದರೆ, ಬೆಳೆಯುತ್ತಿರುವ ಇನ್ನೊಂದು ಜೀವವನ್ನು ನಾವು ಹೇಗೆ ಕಾಣಬೇಕೆಂಬ ಪ್ರಶ್ನೆಯೇ ಇದರೊಳಗೆ ಅಡಗಿದೆ. ಆದುದರಿಂದ ಮಠದ ಪತ್ರಿಕೆಯಲ್ಲಿ ಇದನ್ನು ಚರ್ಚಿಸುವುದು ಅನುಚಿತವಾಗಲಾರದು.

ಪ್ರಶ್ನೆಯನ್ನು ಗಾಳಿಯಲ್ಲಿ ತೂಗಬಿಡುವುದಕ್ಕಿಂತ ಒಂದು ನಿಜವಾದ ಜೀವನವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ನೆಯ ಇಸವಿ ಏಪ್ರಿಲ್ 8ರಂದು ಒಬ್ಬ ಬಾಲಕ ಜನಿಸಿದನು. ಲಿಂಗಾಯತ ಮನೆತನ, ಅಡ್ಡಹೆಸರೇ ‘ಮಠ’ ಎಂಬ ಶಬ್ದದಿಂದ ಮುಗಿಯುವಂಥದು. ತಂದೆ ಸಿದ್ಧರಾಮಯ್ಯನವರು, ಮಗನಿಗೆ ಇಟ್ಟ ಹೆಸರು ಶಿವಪುತ್ರ. ಈ ಹುಡುಗ ಯಾರ ಬಳಿಯೂ ಕ್ರಮವಾಗಿ ಕಲಿಯುವ ಮೊದಲೇ ರಾಮಕೃಷ್ಣಬುವಾ ವಝೆ, ಅಬ್ದುಲ್ ಕರೀಮ್ ಖಾನ್ ಮೊದಲಾದ ದಿಗ್ಗಜರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಕೇಳಿದಂತೆಯೇ ತಿರುಗಿ ಹಾಡತೊಡಗಿದನು. ಸ್ವರವಷ್ಟೇ ಅಲ್ಲ, ಉಸಿರು ಎಳೆಯುವ ಬಗೆ, ತಾನಿನ ತಿರುವು, ಎಲ್ಲವೂ ಅಚ್ಚೊತ್ತಿದಂತೆ ಬರುತ್ತಿದ್ದವು. ಬಾಲಕನ ಹಾಡನ್ನು ಕೇಳಿ ಸಂತೋಷಪಟ್ಟು ‘ಕುಮಾರ ಗಂಧರ್ವ’ ಎಂಬ ಬಿರುದನ್ನು ಹರಸಿ ಕೊಟ್ಟವರು ನಮ್ಮ ಪರಂಪರೆಯ ಒಬ್ಬ ಮಠಾಧೀಶರೇ. ಬಿರುದು ಹೆಸರಾಯಿತು; ಹೆಸರು ದೇಶವನ್ನೆಲ್ಲ ಸುತ್ತಿತು.

1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನ, ಮರುವರ್ಷ ಮುಂಬಯಿಯ ಸಭೆ. ಹತ್ತು ಹನ್ನೊಂದರ ಹುಡುಗ ಹಾಡಿದಾಗ ಹಿರಿಯ ಉಸ್ತಾದರೂ ಪಂಡಿತರೂ ಬೆರಗಾದರು. ಆ ಎಳೆಯ ದನಿ ತಟ್ಟೆಗಳಲ್ಲಿಯೂ ಮುದ್ರಿತವಾಗಿ ಮನೆಮನೆ ಸೇರಿತು. ಅಂದಿನ ಒಂದು ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಿಗಷ್ಟೇ ಎಡೆ. ಆ ಮೂರು ನಿಮಿಷದೊಳಗೆ ಆ ಹುಡುಗನು ತುಂಬಿದ ಪ್ರೌಢಿಮೆಯನ್ನು ಕೇಳಿದವರು ಅದನ್ನು ಬೇಗ ಮರೆಯಲಾರರು.

ಈ ಎಳೆಯ ಹಾಡಿನ ಕುರಿತು ಕೇಳುಗರಲ್ಲಿ ಎರಡು ಭಾವಗಳಿವೆ. ಅನೇಕ ವೇಳೆ ಅವೆರಡೂ ಒಂದೇ ಮನಸ್ಸಿನಲ್ಲಿ ಕೂಡಿಯೇ ಇರುತ್ತವೆ. ಒಂದು, ನಿಷ್ಕಳಂಕವಾದ ಬೆರಗು: ಇಷ್ಟು ಚಿಕ್ಕ ಕೊರಳಿನಲ್ಲಿ ಇಷ್ಟು ದೊಡ್ಡ ವಿದ್ಯೆ ಹೇಗೆ ನೆಲಸಿತು ಎಂಬ ವಿಸ್ಮಯ. ಇನ್ನೊಂದು, ಒಳಗೊಳಗೇ ಕಾಡುವ ಅತೃಪ್ತಿ: ಇದೆಲ್ಲವೂ ಇನ್ನೊಬ್ಬರದಲ್ಲವೆ? ಕನ್ನಡಿಯಲ್ಲಿ ಕಂಡ ಮುಖವನ್ನು ಕನ್ನಡಿಯ ಮುಖವೆನ್ನಬಹುದೆ? ಹಾಗೆಯೇ ಅವರ ಮುಂದಿನ ಹಾಡಿನ ವಿಷಯದಲ್ಲಿಯೂ ಕೇಳುಗರು ಇಬ್ಭಾಗವಾದರು. ಬಾಲಕನನ್ನು ಮೆಚ್ಚಿದ್ದ ಕೆಲವರು ಪ್ರೌಢ ಗಾಯಕನಲ್ಲಿ ತಮ್ಮ ಬಾಲಕನನ್ನು ಹುಡುಕಿ, ಕಾಣದೆ, ಮುನಿಸಿಕೊಂಡರು. ಪ್ರೌಢನನ್ನು ಮೆಚ್ಚಿದ ಕೆಲವರು ಬಾಲಕನ ಹಾಡನ್ನು ಬರಿಯ ಅನುಕರಣೆಯೆಂದು ತಳ್ಳಿಹಾಕಿದರು. ಈ ಇಬ್ಬರಲ್ಲಿ ಯಾರ ಕಡೆಗೆ ಸತ್ಯವಿದೆ?

ಮಧ್ಯದಲ್ಲಿ ನಡೆದುದನ್ನು ಮೊದಲು ತಿಳಿಯಬೇಕು. ಮುಂಬಯಿಯಲ್ಲಿ ಹೆಸರು ಗಳಿಸಿದ ಮೇಲೆ ಆ ಹುಡುಗನು ಹಾಗೆಯೇ ಊರೂರು ತಿರುಗಿ ಹಾಡುತ್ತ ಇದ್ದಿದ್ದರೆ ಹಣಕ್ಕೂ ಕೊರತೆಯಿರಲಿಲ್ಲ, ಹೊಗಳಿಕೆಗೂ ಕೊರತೆಯಿರಲಿಲ್ಲ. ಆದರೆ ಅವನನ್ನು ಪ್ರೊ. ಬಿ. ಆರ್. ದೇವಧರರ ಸಂಗೀತ ಶಾಲೆಗೆ ಸೇರಿಸಲಾಯಿತು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಒಂದೇ ಘರಾಣೆಯ ಬೇಲಿಯೊಳಗೆ ಶಿಷ್ಯನನ್ನು ಕೂಡಿಹಾಕುವ ಸ್ವಭಾವದವರಲ್ಲ. ದೇಶವೇ ಹೊಗಳಿದ ಹುಡುಗನು ಮತ್ತೆ ಪಾಠದ ಮಣೆಯ ಮೇಲೆ ಕುಳಿತನು. ನಾವು ಬಾಲಪ್ರತಿಭೆಯನ್ನು ಕುರಿತು ಮಾತನಾಡುವಾಗ ಚಪ್ಪಾಳೆಯನ್ನು ನೆನೆಯುತ್ತೇವೆ, ಈ ಮಣೆಯನ್ನು ಮರೆಯುತ್ತೇವೆ.

ಆಮೇಲೆ ಬಂದುದು ಕಠಿಣವಾದ ಪರೀಕ್ಷೆ. ಇಪ್ಪತ್ತಮೂರರ ಪ್ರಾಯದಲ್ಲಿ ಕ್ಷಯರೋಗ ಅವರ ಶ್ವಾಸಕೋಶವನ್ನು ಹಿಡಿಯಿತು. 1948ರಲ್ಲಿ ಒಳ್ಳೆಯ ಹವೆಯನ್ನು ಅರಸಿ ಮಧ್ಯಭಾರತದ ದೇವಾಸಕ್ಕೆ ಹೋಗಿ ನೆಲಸಿದರು. ಹಾಡಕೂಡದೆಂಬುದು ವೈದ್ಯರ ಆಜ್ಞೆ. ಹಾಡನ್ನೇ ಉಸಿರಾಗಿ ಉಳ್ಳವನಿಗೆ ಇದಕ್ಕಿಂತ ಕ್ರೂರವಾದ ಮೌನವ್ರತವುಂಟೆ? ಹಾಸಿಗೆಯ ಮೇಲೆ ಮಲಗಿದ್ದ ಆ ವರ್ಷಗಳಲ್ಲಿ ಅವರು ಮಾಡಿದ್ದು ಒಂದೇ ಕೆಲಸ: ಕೇಳುವುದು. ಮಾಳವದ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿದರು. ಕಬೀರರ ನಿರ್ಗುಣ ಪದಗಳನ್ನು ಹಾಡುತ್ತ ಸುಳಿಯುವ ಜೋಗಿಗಳನ್ನು ಕೇಳಿದರು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧದಿಂದ ಗುಣ ಕಂಡು, 1953ರ ಹೊತ್ತಿಗೆ ಮತ್ತೆ ವೇದಿಕೆಯನ್ನೇರಿದಾಗ, ಸಭಿಕರ ಎದುರಿಗೆ ಕುಳಿತವನು ಹಿಂದಿನ ಕುಮಾರನಾಗಿರಲಿಲ್ಲ. ಉಸಿರು ಗಿಡ್ಡವಾಗಿತ್ತು, ಸ್ವರಸಮೂಹಗಳು ಚಿಕ್ಕಚಿಕ್ಕವಾಗಿ, ನಡುವೆ ಮೌನವನ್ನಿಟ್ಟುಕೊಂಡು ಬರುತ್ತಿದ್ದವು. ಜಾನಪದ ಧಾಟಿಗಳಿಂದ ಹೊಸ ರಾಗಗಳು ಹುಟ್ಟಿದವು. 1965ರಲ್ಲಿ ಅವರ ರಚನೆಗಳ ಸಂಗ್ರಹವಾದ ‘ಅನೂಪರಾಗವಿಲಾಸ’ ಪ್ರಕಟವಾಯಿತು. ಗಾಂಧೀಜಿಯವರ ಜನ್ಮಶತಾಬ್ದಿಯಾದ 1969ರಲ್ಲಿ ‘ಗಾಂಧೀ ಮಲ್ಹಾರ’ ಮೂಡಿತು.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಹಿಂದಿನ ದನಿಯನ್ನು ಕಳೆದುಕೊಂಡೆವೆಂದು ಮರುಗಿದ ಕೇಳುಗರು ಸುಳ್ಳು ಹೇಳುತ್ತಿರಲಿಲ್ಲ. ಕಳೆದುಹೋದುದು ನಿಜವಾಗಿಯೂ ಕಳೆದುಹೋಗಿತ್ತು. ದೀರ್ಘವಾದ ವಿಲಂಬಿತವನ್ನು ಮನೆ ಕಟ್ಟಿದಂತೆ ಕಲ್ಲಿನ ಮೇಲೆ ಕಲ್ಲಿಟ್ಟು ಬೆಳೆಸುವ ಕ್ರಮವನ್ನು ಪ್ರೀತಿಸಿದವರಿಗೆ, ಮಿಂಚಿ ಮರೆಯಾಗುವ ಈ ಹೊಸ ಕ್ರಮ ಪೂರ್ಣ ತೃಪ್ತಿಯನ್ನು ಕೊಡದಿದ್ದರೆ ಅದು ಅಪರಾಧವಲ್ಲ. ‘ಎಲ್ಲವೂ ಒಳ್ಳೆಯದಕ್ಕೇ ಆಯಿತು’ ಎಂದು ಹೇಳಿ ನಷ್ಟವನ್ನು ಮುಚ್ಚಿಹಾಕುವುದು ಭಕ್ತಿಯಂತೆ ಕಂಡರೂ ಅದು ಸತ್ಯವಲ್ಲ. ಆದರೆ ನಷ್ಟಕ್ಕೆ ಮರುಗುವುದು ಬೇರೆ, ನಷ್ಟಕ್ಕಾಗಿ ಗಾಯಕನ ಮೇಲೆ ಸಾಲ ಹೊರಿಸುವುದು ಬೇರೆ. ‘ನಮಗೆ ಅಂದು ಕೊಟ್ಟುದನ್ನೇ ಇಂದೂ ಕೊಡು’ ಎಂದು ಕೇಳುವಾಗ ಕೇಳುಗನು ಸಹೃದಯನಾಗಿ ಉಳಿಯದೆ ಸಾಹುಕಾರನಾಗಿಬಿಡುತ್ತಾನೆ.

ಶರಣರು ಸ್ಥಾವರ ಜಂಗಮಗಳ ಭೇದವನ್ನು ಏಕೆ ಅಷ್ಟು ಒತ್ತಿ ಹೇಳಿದರೆಂಬುದನ್ನು ಈ ಬೆಳಕಿನಲ್ಲಿ ಆಲೋಚಿಸಬಹುದು. ಕಟ್ಟಿ ನಿಲ್ಲಿಸಿದ್ದು ಸ್ಥಾವರ, ನಡೆಯುವುದು ಜಂಗಮ. ಕಲ್ಲಿನಿಂದ ಕಟ್ಟುವುದಷ್ಟೇ ಸ್ಥಾವರವೆಂದು ತಿಳಿಯಬೇಕಾಗಿಲ್ಲ. ನಮ್ಮ ನೆನಪಿನಲ್ಲಿಯೂ ನಾವು ಗುಡಿಗಳನ್ನು ಕಟ್ಟುತ್ತೇವೆ. ಒಬ್ಬ ಬಾಲಕನ ಮೂರು ನಿಮಿಷದ ಹಾಡನ್ನು ಗರ್ಭಗುಡಿಯಲ್ಲಿಟ್ಟು, ಬೆಳೆದು ನಿಂತ ಅದೇ ಮನುಷ್ಯನನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವುದು ಸ್ಥಾವರಪೂಜೆಯೇ ಸರಿ. ಬಾಳುವ ದನಿ ಜಂಗಮ. ಅದಕ್ಕೆ ರೋಗ ಬರುತ್ತದೆ, ವಯಸ್ಸಾಗುತ್ತದೆ, ಅರಿವು ಬರುತ್ತದೆ. ಅದು ಸುಳಿಯುತ್ತದೆ, ನಿಂತರೆ ಅದು ಹಾಡಲ್ಲ.

ಇದಕ್ಕೊಂದು ಆಕ್ಷೇಪವನ್ನು ಬುದ್ಧಿವಂತರು ಎತ್ತಬಹುದು. ‘ಸ್ವಾಮಿ, ನೀವು ಸ್ಥಾವರವೆಂದು ಕರೆಯುವ ಆ ತಟ್ಟೆಯೇ ಉಳಿದಿದೆಯಲ್ಲ! ಕುಮಾರ ಗಂಧರ್ವರು 1992ರ ಜನವರಿ 12ರಂದು ದೇವಾಸದಲ್ಲಿ ಲಿಂಗೈಕ್ಯರಾದರು. ಅವರ ಎಳೆಯ ದನಿಯನ್ನು ಮಾತ್ರ ಇಂದಿಗೂ ಅಂಗೈಯಗಲದ ಯಂತ್ರದಲ್ಲಿ ಕೇಳಬಹುದು. ಹಾಗಾದರೆ ಅಳಿದುದು ಯಾವುದು, ಉಳಿದುದು ಯಾವುದು?’ ಪ್ರಶ್ನೆ ಚೆನ್ನಾಗಿದೆ. ಆದರೆ ತಟ್ಟೆಯಲ್ಲಿ ಉಳಿದುದು ಸ್ವರದ ಗುರುತು ಮಾತ್ರ. ಅದನ್ನು ಹಾಡಾಗಿ ಮಾಡುವವನು ಇಂದು ಕೇಳುವ ನೀವು. ನೀವು ಇಪ್ಪತ್ತರಲ್ಲಿ ಕೇಳಿದ ತಟ್ಟೆಯನ್ನೇ ಅರವತ್ತರಲ್ಲಿ ಕೇಳಿ ನೋಡಿರಿ. ತಟ್ಟೆ ಬದಲಾಗಿಲ್ಲ, ಹಾಡು ಬದಲಾಗಿದೆ. ಅಂದ ಮೇಲೆ ಕೇಳುಗನೇ ಚಲಿಸುತ್ತಿರುವಾಗ, ಹಾಡುವವನು ಮಾತ್ರ ನಿಂತಲ್ಲಿಯೇ ನಿಂತಿರಬೇಕೆಂದು ಅಪೇಕ್ಷಿಸುವುದು ನ್ಯಾಯವಾದೀತೆ?

ಇನ್ನು ಎರಡನೆಯ ಪಕ್ಷವನ್ನು ನೋಡೋಣ. ಎಳೆಯ ಹಾಡು ಅನುಕರಣೆ, ಆದುದರಿಂದ ಅದಕ್ಕೆ ಬೆಲೆಯಿಲ್ಲ ಎನ್ನುವವರ ಮಾತು ಇದು. ನಮ್ಮ ಬೀದರಿನವರಿಗೆ ಇದಕ್ಕೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ; ನಮ್ಮ ಊರಿನ ಬಿದರಿ ಕೆಲಸಗಾರನ ಅಂಗಡಿಯ ಮುಂದೆ ಅರ್ಧ ದಿನ ಕುಳಿತರೆ ಸಾಕು. ಸತು ಮತ್ತು ತಾಮ್ರಗಳನ್ನು ಕೂಡಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದಿಬಣ್ಣವಾಗಿರುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರನ್ನು ಸವರುತ್ತಾರೆ. ಆಗ ಮೈಯೆಲ್ಲ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಬಳ್ಳಿ ಹೂವುಗಳ ಗೆರೆ ಎಳೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಕೂಡಿಸಿ ಬಡಿಯುತ್ತಾರೆ. ಆಮೇಲೆ ಮತ್ತೆ ಉಜ್ಜಿದಾಗ ಆ ಮೊದಲಿನ ಕಪ್ಪು ಅಳಿಸಿಹೋಗುತ್ತದೆ. ಬೆಳ್ಳಿ ಯಾವುದು, ಲೋಹ ಯಾವುದು ಎಂದು ಬೇರೆಯಾಗಿ ಕಾಣದಂಥ ಒಂದು ಅವಸ್ಥೆ ಬರುತ್ತದೆ. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹ ಎಂದೂ ಮಾಸದ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಬೆಳಗುತ್ತದೆ.

ಗಮನಿಸಿರಿ: ಬಿದರಿಗೆ ಎರಡು ಕಪ್ಪುಗಳುಂಟು. ಮೊದಲನೆಯದು ತಾತ್ಕಾಲಿಕ. ಅದು ಗೆರೆ ಕಾಣಲೆಂದು ಬಳಿದ ಕಪ್ಪು. ಅದನ್ನು ಸುಳ್ಳು ಕಪ್ಪೆಂದು ಯಾವ ಕುಶಲಕರ್ಮಿಯೂ ಹಳಿಯುವುದಿಲ್ಲ, ಏಕೆಂದರೆ ಅದಿಲ್ಲದೆ ಕೊರೆಯುವ ಕೈಗೆ ದಾರಿಯೇ ಕಾಣುವುದಿಲ್ಲ. ಅದನ್ನೇ ಕೊನೆಯದೆಂದು ಯಾವ ಕುಶಲಕರ್ಮಿಯೂ ಮಾರುವುದೂ ಇಲ್ಲ. ಕುಮಾರರ ಬಾಲ್ಯದ ಅನುಕರಣೆ ಆ ಮೊದಲ ಕಪ್ಪು. ಹಿರಿಯರ ಗೆರೆಗಳು ಅದರ ಮೇಲೆಯೇ ಸ್ಪಷ್ಟವಾಗಿ ಮೂಡಿದವು. ಹಾಸಿಗೆ ಹಿಡಿದ ವರ್ಷಗಳಲ್ಲಿ ಅದು ಉಜ್ಜಿಹೋಯಿತು. ಎರಡನೆಯ ಕಪ್ಪನ್ನು ಕೊಟ್ಟುದು ಮಾಳವದ ಮಣ್ಣು. ಬಿದರಿಯ ಪಾತ್ರೆಯನ್ನು ಕೊಳ್ಳುವಾಗ ನಾವು ಈ ಎಲ್ಲ ಅವಸ್ಥೆಗಳಿಗೂ ಕೈಮುಗಿಯಬೇಕು. ಯಾವುದೊಂದನ್ನೂ ಅಲ್ಲಿಯೇ ನಿಲ್ಲೆಂದು ಹೇಳಬಾರದು.

ಇದೇ ತತ್ವವನ್ನು ನಮ್ಮ ಹಿರಿಯರು ಷಟ್‌ಸ್ಥಲದ ಮೂಲಕ ತಿಳಿಸಿದ್ದಾರೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳು. ಭಕ್ತನಲ್ಲಿ ಐಕ್ಯನ ನಿಲುವಿಲ್ಲವೆಂದು ಯಾರೂ ಭಕ್ತನನ್ನು ಜರೆಯುವುದಿಲ್ಲ. ಐಕ್ಯನಾದವನು ಭಕ್ತಸ್ಥಲವನ್ನು ಬಿಸುಟು ಬಂದಿಲ್ಲ, ಅದನ್ನು ಒಳಗೊಂಡೇ ಬಂದಿದ್ದಾನೆ. ಆದರೆ ಮೊದಲ ಮೆಟ್ಟಿಲಿನ ಶ್ರದ್ಧೆ ಚೆಂದವಾಗಿತ್ತೆಂದು ಅಲ್ಲಿಯೇ ಕುಳಿತುಬಿಟ್ಟರೆ ಅದು ಸಾಧನೆಯಲ್ಲ. ಮೊದಲನ್ನು ತಿರಸ್ಕರಿಸುವವನೂ ತಪ್ಪುತ್ತಾನೆ, ಮೊದಲಲ್ಲಿ ನಿಲ್ಲುವವನೂ ತಪ್ಪುತ್ತಾನೆ. ಕೇಳುಗರ ಆ ಎರಡು ಪಕ್ಷಗಳೂ ಇಲ್ಲಿ ಒಂದೇ ದೋಷದ ಎರಡು ಮುಖಗಳಾಗಿ ಕಾಣುತ್ತವೆ. ಮೆಟ್ಟಿಲನ್ನು ಮೆಟ್ಟಿಲಾಗಿ ನೋಡದಿರುವುದೇ ಆ ದೋಷ.

ಕುಮಾರರೇ ತಮ್ಮ ಬಾಲ್ಯಕ್ಕೆ ಕೊಟ್ಟ ಉತ್ತರವೊಂದು ಬಹು ಅರ್ಥಪೂರ್ಣವಾದುದು. ಒಬ್ಬರಂತೆ ಹಾಡಿ ಕೀರ್ತಿ ಪಡೆದ ಆ ಬಾಲಕನು ನಡುವಯಸ್ಸಿನಲ್ಲಿ, 1960ರ ದಶಕದಲ್ಲಿ, ಮರಾಠಿ ರಂಗಭೂಮಿಯ ಬಾಲಗಂಧರ್ವರ ಪದಗಳನ್ನು ಹಾಡುವ ಒಂದು ಕಾರ್ಯಕ್ರಮವನ್ನು ರೂಪಿಸಿದರು. ಅದಕ್ಕೆ ಇಟ್ಟ ಹೆಸರು ‘ಮಲಾ ಉಮಜಲೇಲೇ ಬಾಲಗಂಧರ್ವ’, ಅಂದರೆ ‘ನನಗೆ ತಿಳಿದಂತೆ ಬಾಲಗಂಧರ್ವ’. ಗಡಿಯ ಮಾತುಗಳೆರಡನ್ನೂ ಆಡುವ ಔರಾದ, ಭಾಲ್ಕಿಗಳ ಬಂಧುಗಳಿಗೆ ಆ ‘ಉಮಜಲೇಲೇ’ ಎಂಬ ಮಾತಿನ ಸವಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲಗಂಧರ್ವರಂತೆ ಹಾಡುತ್ತೇನೆಂದು ಅವರು ಹೇಳಲಿಲ್ಲ. ಅದು ಅವರಿಗೆ ಎಂಟು ವರ್ಷದಲ್ಲಿಯೇ ಸಾಧ್ಯವಾಗಬಹುದಾಗಿದ್ದ ಕೆಲಸ. ಹಿರಿಯರನ್ನು ಬಿಟ್ಟೆನೆಂದೂ ಹೇಳಲಿಲ್ಲ. ಹಿರಿಯರಿಂದ ಬಂದುದು ತಮ್ಮ ಅರಿವಿನಲ್ಲಿ ಹೇಗೆ ಹೊಕ್ಕಿತೆಂಬುದನ್ನು ಸಭೆಯ ಮುಂದಿಟ್ಟರು. ಅನುಕರಣೆಗೂ ಅನುಭಾವಕ್ಕೂ ಇರುವ ದೂರವೆಷ್ಟೆಂಬುದನ್ನು ಆ ಒಂದು ಮಾತು ಅಳೆದು ತೋರಿಸುತ್ತದೆ.

ಇದು ಒಬ್ಬರ ಕಥೆಯಷ್ಟೇ ಅಲ್ಲ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಮೊದಲು ಮೀರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, 1930ರ ದಶಕದಲ್ಲಿಯೇ ತಟ್ಟೆಗಳಿಗೆ ಹಾಡಿ ಹೆಸರಾದವರು. ಹೆಸರಾದ ಮೇಲೆಯೂ ಅವರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನರ ಬಳಿ, ಅವರ ಅಕಾಲ ಮರಣದ ತರುವಾಯ ಭುರ್ಜೀಖಾನರ ಬಳಿ ಶಿಷ್ಯರಾಗಿ ಕುಳಿತರು. ಆ ಹರೆಯದ ಚುರುಕುತನವನ್ನೇ ಹೆಚ್ಚು ಪ್ರೀತಿಸುವವರೂ ಉಂಟು, ಮುಪ್ಪಿನ ಮಾಗಿದ ದನಿಯನ್ನೇ ಹೆಚ್ಚು ಪ್ರೀತಿಸುವವರೂ ಉಂಟು. ಆದರೆ ಕೊನೆಗಾಲದಲ್ಲಿ ಅವರು ಹಾಡಿದ ವಚನಗಳನ್ನು ಕೇಳಿದವರು, ಅಲ್ಲಿ ವಿದ್ಯೆಯ ಪ್ರದರ್ಶನ ಪೂರ್ತಿಯಾಗಿ ಕರಗಿ ಶರಣರ ಮಾತು ಮಾತ್ರ ಉಳಿದುದನ್ನು ಬಲ್ಲರು. ಮೊದಲಿನ ಕೀರ್ತಿಯಲ್ಲಿ ಅವರು ತೃಪ್ತರಾಗಿ ನಿಂತಿದ್ದರೆ ಆ ವಚನಗಾಯನ ನಮಗೆ ದೊರೆಯುತ್ತಿತ್ತೆ?

ಹಾಗೆಂದು ಬದಲಾವಣೆಯೆಲ್ಲವೂ ಬೆಳವಣಿಗೆಯೆಂದು ಒಪ್ಪಬೇಕಾಗಿಲ್ಲ. ಹೊಸದೆಂಬ ಒಂದೇ ಕಾರಣಕ್ಕೆ ಹೊಗಳುವುದೂ ಮೋಹವೇ. ಹಾಗಾದರೆ ಪರೀಕ್ಷೆ ಯಾವುದು? ಗಾಯಕನು ಹಿಂದಿನದನ್ನು ಬಿಟ್ಟುದು ಕಷ್ಟವನ್ನು ತಪ್ಪಿಸಿಕೊಳ್ಳಲೋ, ಹೆಚ್ಚಿನ ಕಷ್ಟವನ್ನು ಕೈಗೊಳ್ಳಲೋ ಎಂದು ನೋಡಬೇಕು. ಹೆಸರಾದ ಮೇಲೆ ಪಾಠದ ಮಣೆಗೆ ಮರಳಿದವನ, ಮಾತು ಬಾರದ ಹಾಸಿಗೆಯಲ್ಲಿ ಕೇಳುವುದನ್ನು ಕಲಿತವನ ಬದಲಾವಣೆಯನ್ನು ಚಾಪಲ್ಯವೆನ್ನಲಾಗದು. ಮೆಚ್ಚದಿರುವ ಹಕ್ಕು ಕೇಳುಗನಿಗಿದೆ. ಮೆಚ್ಚದೆ ಇದ್ದರೂ ಗೌರವಿಸುವ ಕರ್ತವ್ಯವೂ ಇದೆ. ಒಂದು ಸಲ ಕೇಳಿ ತೀರ್ಪು ಕೊಡದೆ, ಹತ್ತು ವರ್ಷ ಬಿಟ್ಟು ಇನ್ನೊಮ್ಮೆ ಕೇಳುವ ತಾಳ್ಮೆಯೂ ಆ ಕರ್ತವ್ಯದಲ್ಲಿ ಸೇರಿದೆ.

ಮಠದ ಮಕ್ಕಳ ವಿಷಯಕ್ಕೆ ಬಂದರೆ ಈ ವಿಚಾರ ಇನ್ನೂ ಹತ್ತಿರವಾಗುತ್ತದೆ. ಭಾಲ್ಕಿಯ ಹಿರೇಮಠದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮನ ಆಳಿಕೆಯ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನು ಹಾಕಿ, ಒಳಗೆ ಕನ್ನಡವನ್ನು ಕಲಿಸಿದುದು ಈ ನಾಡಿನವರೆಲ್ಲ ಕೃತಜ್ಞತೆಯಿಂದ ನೆನೆಯುವ ಸಂಗತಿ. ಯಾವ ಶಾಲೆಯಲ್ಲಿಯೇ ಆಗಲಿ, ಅಕ್ಷರ ಕಲಿಯುವ ಮಗು ಮೊದಲು ಗುರು ಬರೆದುದರ ಮೇಲೆಯೇ ಕೈಯಾಡಿಸಿ ತಿದ್ದುತ್ತದೆ. ತಿದ್ದಿದ ಅಕ್ಷರ ಮಗುವಿನದಲ್ಲ, ಗುರುವಿನದು. ಆದರೂ ಗುರು ಸಂತೋಷಪಡುತ್ತಾನೆ, ಏಕೆಂದರೆ ಆ ಕೈ ಮುಂದೊಂದು ದಿನ ತನ್ನ ಮಾತನ್ನು ತಾನೇ ಬರೆಯುವುದೆಂದು ಅವನು ಬಲ್ಲ. ಜೀವಮಾನವೆಲ್ಲ ತಿದ್ದುತ್ತಲೇ ಇರೆಂದು ಹೇಳಲು ಆ ಸ್ವಾಮಿಗಳು ಅಷ್ಟು ಕಷ್ಟಪಟ್ಟು ಕನ್ನಡವನ್ನು ಕಾಪಾಡಲಿಲ್ಲ.

ಇಂದು ಜಾತ್ರೆಗಳಲ್ಲಿ, ಬಸವ ಜಯಂತಿಯ ಸಮಾರಂಭಗಳಲ್ಲಿ ಐದಾರು ವರ್ಷದ ಮಕ್ಕಳು ನೂರು ವಚನಗಳನ್ನು ತಡೆಯಿಲ್ಲದೆ ಒಪ್ಪಿಸುವುದನ್ನು ಕಾಣುತ್ತೇವೆ. ಹಿರಿಯ ಗಾಯಕರ ಕೊರಳನ್ನು ಅಂತೆಯೇ ಇಳಿಸಿ ಹಾಡುವ ಮಕ್ಕಳಿಗೆ ಬಹುಮಾನಗಳು ಸುರಿಯುತ್ತವೆ. ಮೆಚ್ಚಿರಿ, ಹರಸಿರಿ, ತಪ್ಪಿಲ್ಲ. ಹರಸುವುದು ಮಠದ ಸಂಪ್ರದಾಯವೇ. ಆದರೆ ಆ ಮಗು ಹದಿನಾರಕ್ಕೆ ಬಂದು ದನಿಯೊಡೆದಾಗ, ಒಪ್ಪಿಸುವುದನ್ನು ನಿಲ್ಲಿಸಿ ಪ್ರಶ್ನೆ ಕೇಳತೊಡಗಿದಾಗ, ‘ಚಿಕ್ಕಂದಿನಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಿದ್ದೆ, ಈಗೇನಾಯಿತು?’ ಎಂದು ಸಭೆಯಲ್ಲಿ ಕೇಳುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ. ಆ ಒಂದು ಮಾತಿನಿಂದ ಎಷ್ಟು ಕೊರಳುಗಳು ಮುಚ್ಚಿಹೋಗಿವೆಯೋ ಬಲ್ಲವರಾರು? ಕುಮಾರ ಗಂಧರ್ವರಿಗೆ ದೇವಧರರು ದೊರೆತರು. ಎಲ್ಲ ಮಕ್ಕಳಿಗೂ ಅಂಥ ಗುರು ದೊರೆಯುವುದಿಲ್ಲ. ಆ ಸ್ಥಾನವನ್ನು ಕೇಳುಗರಾದ ನಾವೇ ಅಷ್ಟಿಷ್ಟು ತುಂಬಬೇಕಾಗುತ್ತದೆ.

ಆದುದರಿಂದ ಸದ್ಭಕ್ತರಲ್ಲಿ ಒಂದು ಚಿಕ್ಕ ಬಿನ್ನಹ. ಮಗು ಹಾಡಿ ಮುಗಿಸಿದಾಗ ‘ಅದನ್ನೇ ಇನ್ನೊಮ್ಮೆ ಹಾಡು’ ಎಂದು ಕೇಳುವುದರ ಜೊತೆಗೆ ‘ನಿನಗೆ ಇದು ಹೇಗೆ ತಿಳಿಯಿತು?’ ಎಂದೂ ಕೇಳಿರಿ. ಉತ್ತರ ತೊದಲಾಗಿರಬಹುದು; ಕೇಳಿರಿ. ಹತ್ತು ವರ್ಷದ ನಂತರ ಬೇರೆಯಾಗಿರಬಹುದು, ಆಗಲೂ ಕೇಳಿರಿ. ಹಳೆಯ ತಟ್ಟೆಯನ್ನು ಮನೆಯಲ್ಲಿ ಜೋಪಾನವಾಗಿಡಿರಿ. ಅದನ್ನು ಹಾಡಿದವನ ಕೊರಳಿಗೆ ಕಟ್ಟಬೇಡಿರಿ. ಮೊದಲ ಹಾಡಿಗೆ ಕೃತಜ್ಞತೆ, ಮುಂದಿನ ಹಾಡಿಗೆ ಎಡೆ: ಕೇಳುಗನ ಧರ್ಮವೆಂದರೆ ಇಷ್ಟೇ. ಇದನ್ನು ಪಾಲಿಸಿದ ಸಭೆಯಲ್ಲಿ ಹಾಡುವವನೂ ಬೆಳೆಯುತ್ತಾನೆ, ಕೇಳುವವನೂ ಬೆಳೆಯುತ್ತಾನೆ.